ಸದ್ದು ಹೊರಬಾರದ ಕೋಣೆ

ಬೆಸುಗೆ ಕೆಲಸದ ಕಿಡಿಯಣ್ಣನಿಗೆ ಬಲಗಿವಿ ಹೋಗಿ ಆರು ವರ್ಷವಾಗಿತ್ತು. ಎಡಗಿವಿಯೂ ಅದೇ ದಾರಿ ಹಿಡಿದಿದೆ, ಹೆಚ್ಚೆಂದರೆ ಎರಡು ವರ್ಷ ಎಂದು ಡಾಕ್ಟರು ಹೇಳಿದ ದಿನ ಅವನು ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ನೆಲಮಾಳಿಗೆಗೆ ಇಳಿದ. ಮುರಿದ ಕುರ್ಚಿ, ಬಣ್ಣದ ಡಬ್ಬಗಳನ್ನು ಒತ್ತಟ್ಟಿಗೆ ತಳ್ಳಿ ಟೇಪು ಹಿಡಿದು ಅಳೆಯತೊಡಗಿದ.

"ಏನ್ರೀ ಅದು, ಬಂದವರು ಒಂದು ಮಾತೂ ಆಡದೆ?" ಎಂದು ಹೆಂಡತಿ ಮೆಟ್ಟಿಲ ಮೇಲಿಂದ ಕೇಳಿದಳು.

"ನಿಂಗೊಂದು ಕೋಣೆ ಕಟ್ತೀನಿ. ಒಳಗೆ ಹಾಡಿದ್ರೆ ಹೊರಗೆ ಒಂದು ನರಪಿಳ್ಳೆಗೂ ಕೇಳಿಸಬಾರದು. ರೆಕಾರ್ಡ್ ಮಾಡಿಟ್ಕೊಳ್ಳೋಣ."

ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ನೂರಾರು ಜನರ ಜೊತೆ ಮಾತಾಡುವ ಹೆಂಗಸು, ಹಾಡಲು ಮಾತ್ರ ನಾಚುತ್ತಿದ್ದಳು. ಅಡುಗೆಮನೆಯಲ್ಲಿ ಮಿಕ್ಸಿ ಓಡುವಾಗಷ್ಟೇ ಅವಳ ಬಾಯಲ್ಲಿ ಹಾಡು. ಮಿಕ್ಸಿ ನಿಂತರೆ ಹಾಡೂ ನಿಲ್ಲುತ್ತಿತ್ತು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅವನು ಅವಳ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ.

ನಾಲ್ಕು ತಿಂಗಳು ಭಾನುವಾರಗಳೆಲ್ಲ ಅದಕ್ಕೇ ಹೋದವು. ಆರಡಿಗೆ ನಾಲ್ಕಡಿಯ ಪುಟ್ಟ ಕೋಣೆ. ಕಬ್ಬಿಣದ ಚೌಕಟ್ಟು, ಅದರ ಎರಡೂ ಬದಿಗೆ ಜಿಪ್ಸಮ್ ಹಲಗೆ, ನಡುವೆ ಸದ್ದು ಹೀರುವ ಕಲ್ಲುಣ್ಣೆ. ನೆಲದ ತೇವ ಏರದಿರಲೆಂದು ಒಳಗಡೆ ತೊಡೆಯೆತ್ತರದವರೆಗೆ ರಬ್ಬರ್ ಹಾಳೆ. ಮೆಟ್ಟಿಲ ಬುಡದಲ್ಲಿ ಜಾಗವಿಲ್ಲದ್ದರಿಂದ ಬಾಗಿಲು ಒಳಕ್ಕೆ ತೆರೆಯುವಂತೆ ಮಾಡಿದ. ಇಬ್ಬರು ಹಿಡಿದು ಎತ್ತಬೇಕಾದ ಬಾಗಿಲು, ಸುತ್ತ ರಬ್ಬರಿನ ಅಂಚು. ಮಹಡಿಯಲ್ಲಿ ಒಬ್ಬಳೇ ಇದ್ದ ಅವನ ಅಕ್ಕ ಒಮ್ಮೆ ಇಳಿದು ಬಂದು ಒಳಗೆ ನಿಂತು ನೋಡಿ, "ಇದೇನೋ, ಕೋಣೆಯೋ ತಿಜೋರಿಯೋ? ಉಸಿರು ಕಟ್ಟತ್ತೆ ಕಣೋ" ಎಂದಳು. ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಮೊದಲ ರೆಕಾರ್ಡಿಂಗಿಗೆ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ ಕೂಡಿಬಂತು. ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತದೆಂದು ಅದನ್ನು ಮೇಲೆ ಹಾಲಿನಲ್ಲಿ ಇಟ್ಟು, ಗೋಡೆಯೊಳಗಿಂದ ಕೆಳಗೆ ವೈರು ಎಳೆದಿದ್ದ.

"ಒಂದು ಮಾತು," ಎಂದಳು ಹೆಂಡತಿ, ಎತ್ತರದ ಸ್ಟೂಲಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತ. "ನಾನು ಹಾಡೋವಾಗ ನೀವು ಕೇಳಕೂಡದು. ಕೇಳ್ತಿದ್ದೀರ ಅಂತ ಗೊತ್ತಾದ್ರೆ ನನ್ನ ಸ್ವರ ಬಿದ್ದುಹೋಗತ್ತೆ. ಮುಗಿದ ಮೇಲೆ ಎಷ್ಟು ಬೇಕಾದ್ರೂ ಕೇಳಿ."

"ಆಯ್ತು ಮಾರಾಯ್ತಿ. ಪರದೆ ಮೇಲೆ ನಿನ್ನ ದನಿಯ ಗೆರೆ ನೋಡ್ಕೊಂಡು ಕೂತಿರ್ತೀನಿ, ಅಷ್ಟೇ."

ಬಾಗಿಲು ಮುಚ್ಚಿ ಮೇಲೆ ಬಂದು ಕೂತ. ತನ್ನ ಹೆಡ್‌ಫೋನನ್ನು ಮೇಜಿನ ಮೇಲೇ ಬಿಟ್ಟ. ಪರದೆಯ ಮೇಲೆ ಹಸಿರು ಗೆರೆ ಮೆಲ್ಲಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಹಾಡುತ್ತಿದ್ದಾಳೆ! ಅವನು ಅಂಗೈಯನ್ನು ತೊಡೆಗೆ ಒತ್ತಿಕೊಂಡು ನೋಡುತ್ತ ಕೂತ. ಐದು ನಿಮಿಷ. ಹತ್ತು. ಸಣ್ಣ ಬಿಡುವು, ಮತ್ತೊಂದು ಹಾಡು. ಆ ಬಿಡುವಿನಲ್ಲೂ ಗೆರೆ ಪೂರ್ತಿ ಮಲಗದೆ ಸಣ್ಣಗೆ ನಡುಗುತ್ತಿತ್ತು. ಹೊಸ ಮೈಕು, ಹಾಗೇ ಇರಬಹುದು ಎಂದುಕೊಂಡ.

ಹದಿನೇಳನೆಯ ನಿಮಿಷದಲ್ಲಿ ಗೆರೆ ಸರ್ರನೆ ಕೆಂಪಿಗೆ ಹಾರಿತು. ದೊಡ್ಡ ಸ್ವರ ಎತ್ತಿದಳೆಂದು ಅವನಿಗೆ ಖುಷಿಯಾಯಿತು. ಮತ್ತೆ ಕೆಂಪು, ಮತ್ತೆ ಕೆಂಪು. ಕೊನೆಗೆ ಗೆರೆಯಲ್ಲಿ ಮೊಳೆಯಂತೆ ಚೂಪಾದ ಮೂರು ಏರು, ಮೂರು ಮೊಳೆಗಳು. ಬಿಡುವು. ಮೂರು ಮೊಳೆಗಳು. ಬಿಡುವು. ಮತ್ತೆ ಮೂರು.

ಆ ಮೂರರ ಲೆಕ್ಕ ಅವನಿಗೆ ಗೊತ್ತಿತ್ತು. ವರ್ಕ್‌ಶಾಪಿನಲ್ಲಿ ಯಾರ ಕೂಗೂ ಯಾರಿಗೂ ಕೇಳಿಸುವುದಿಲ್ಲ. ಅಪಾಯ ಕಂಡವರು ಕಬ್ಬಿಣಕ್ಕೆ ಮೂರು ಏಟು ಹಾಕಬೇಕು, ಆಗ ಎಲ್ಲ ಯಂತ್ರ ನಿಲ್ಲುತ್ತದೆ. ಊಟದ ಡಬ್ಬಿ ತಂದಾಗ ಅವಳು ಅದನ್ನು ಎಷ್ಟೋ ಸಲ ನೋಡಿದ್ದಳು.

ಹೆಡ್‌ಫೋನ್ ಎಳೆದು ಎಡಗಿವಿಗೆ ಒತ್ತಿದ. ಮೊದಲು ಕೇಳಿಸಿದ್ದು ನೀರು, ಭೋರೆಂದು ಸುರಿಯುವ ನೀರು. ಅದರ ನಡುವೆ ಅವಳ ಗಂಟಲು: "ರೀ! ಬಾಗಿಲು ಬರ್ತಿಲ್ಲ ರೀ!"

ಅವನು ಕೆಳಗಿನ ಹೆಡ್‌ಫೋನಿಗೆ ಮಾತು ಕಳಿಸುವ ಗುಂಡಿ ಅದುಮಿದ. "ಕೇಳಿಸ್ತು, ಕೇಳಿಸ್ತು! ಎಷ್ಟಿದೆ ನೀರು?"

"ಮಂಡಿಗೆ ಬಂತು. ದೀಪದ ವೈರು ನೀರೊಳಗೇ ಇದೆ."

"ಸ್ಟೂಲ್ ಹತ್ತು. ಏನನ್ನೂ ಮುಟ್ಟಬೇಡ. ಕರೆಂಟ್ ತೆಗೀತೀನಿ, ಕತ್ತಲಾಗತ್ತೆ, ಹೆದರಬೇಡ. ನಾನು ಬಂದೆ."

"ಅಕ್ಕಾ! ಟ್ಯಾಂಕಿನ ವಾಲ್ವ್ ತಿರುಗಿಸು!" ಎಂದು ಮನೆ ಕಿತ್ತುಹೋಗುವಂತೆ ಕೂಗುತ್ತ ಮೇನ್ ಸ್ವಿಚ್ ಇಳಿಸಿ ಕೆಳಗೆ ಧುಮುಕಿದ. ಕೋಣೆಯ ಹೊರಗೆ ನೆಲ ಒಣಗಿಯೇ ಇತ್ತು. ಒಂದು ಹನಿ ಹೊರಗೆ ಬಂದಿರಲಿಲ್ಲ, ಒಂದು ಸದ್ದೂ ಇರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದ.

ಭುಜ ಕೊಟ್ಟು ಬಾಗಿಲನ್ನು ತಳ್ಳಿದ. ಬೆಟ್ಟ ತಳ್ಳಿದಂತಾಯಿತು. ಒಳಗಿನ ನೀರೆಲ್ಲ ಬಾಗಿಲಿಗೆ ಒರಗಿ ನಿಂತಿತ್ತು. ಕೀಲುಗಳೂ ಒಳಗಡೆಯೇ. ಗ್ರೈಂಡರ್ ಕೈಗೆತ್ತಿಕೊಂಡ ಮೇಲೆ ಕರೆಂಟ್ ಇಲ್ಲವೆಂಬುದು ನೆನಪಾಯಿತು. ಮತ್ತೆ ಸ್ವಿಚ್ ಏರಿಸಲೇ? ಅವಳ ಕಾಲು ನೀರಲ್ಲಿದ್ದರೆ? ಗ್ರೈಂಡರನ್ನು ಬದಿಗೆಸೆದ.

ಆಮೇಲೆ ಟಾರ್ಚು ಹಚ್ಚಿ ಬಾಗಿಲು ಬಿಟ್ಟು ಗೋಡೆಯ ಕಡೆ ತಿರುಗಿದ. ಯಾವ ಕಂಬಿ ಎಲ್ಲಿದೆಯೆಂದು ಅವನಿಗಿಂತ ಬಲ್ಲವರು ಯಾರು? ಎಡ ಮೂಲೆಯಿಂದ ಎರಡು ಗೇಣು ಬಿಟ್ಟು, ನೆಲಕ್ಕೆ ಹತ್ತಿರ ಹಾರೆ ಬೀಸಿದ. ಹೊರಗಿನ ಹಲಗೆ ಬಿಸ್ಕತ್ತಿನಂತೆ ಒಡೆಯಿತು. ಕಲ್ಲುಣ್ಣೆಯನ್ನು ಬರಿಗೈಯಲ್ಲಿ ಬಾಚಿ ಎಸೆದ. ಒಳಹಲಗೆಗೆ ನಾಲ್ಕನೆಯ ಏಟು ಬಿದ್ದಾಗ ರಬ್ಬರ್ ಹರಿದು ನೀರು ಅವನ ಎದೆಗೇ ನುಗ್ಗಿ ಮೆಟ್ಟಿಲಿಗೆ ಕೆಡವಿತು. ಎದ್ದು ಮತ್ತೆ ಹೊಡೆದ. ಹೊಡೆಯುತ್ತಲೇ ಹೋದ.

"ಸಾಕು ರೀ! ಬಾಗಿಲು ಬರ್ತಿದೆ, ಗೋಡೆ ನನ್ನ ಮೇಲೆ ಬೀಳಿಸ್ಬೇಡಿ!" ಎಂಬ ದನಿ ತೂತಿನಿಂದ ಕೇಳಿಸಿತು.

ಅವಳು ಹೊರಗೆ ಬಂದು ಮೂರನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಹಲ್ಲು ಕಟಕಟ ಎನ್ನುತ್ತಿತ್ತು. ಅಕ್ಕ ಟವೆಲು ಹೊದೆಸಿ, ತಮ್ಮನನ್ನು ಬೈಯಲು ಬಾಯಿ ತೆರೆದವಳು, ಅವನ ಮುಖ ನೋಡಿ ಅವನಿಗೂ ಒಂದು ಟವೆಲು ಕೊಟ್ಟಳು.

ಒಡೆದ ಜಾಗದೊಳಗೆ ಟಾರ್ಚು ಬಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಅವನೇ ಹೊಡೆದಿದ್ದ ಸ್ಕ್ರೂ, ಹಿಂದಿನ ಮನೆಗೋಡೆಯೊಳಗೆ ಅಡುಗೆಮನೆಗೆ ಹೋಗುವ ನೀರಿನ ಪೈಪಿಗೆ ತಗುಲಿ, ತಿಂಗಳುಗಟ್ಟಲೆ ಬಿರಡೆಯಂತೆ ಕೂತಿದ್ದು ಆ ದಿನ ಪೈಪನ್ನು ಉದ್ದಕ್ಕೆ ಸೀಳಿತ್ತು. ಅವನು ಮುಚ್ಚಿಡಲಿಲ್ಲ. "ನಂದೇ ತಪ್ಪು. ಪೈಪ್ ಎಲ್ಲಿದೆ ಅಂತ ನೋಡದೆ ಹೊಡೆದುಬಿಟ್ಟೆ. ನಿನ್ನ ಜೀವ..."

ಅವಳು ಅವನ ಗೀರುಬಿದ್ದ ಕೈ ನೋಡಿದಳು. "ಕಣ್ಣು ಮುಚ್ಕೊಂಡು ಹಾಡ್ತಿದ್ದೆ. ಕಾಲು ಕೆಳಗಿಟ್ಟಾಗಲೇ ಗೊತ್ತಾಗಿದ್ದು," ಎಂದಳು. ಮತ್ತೆ, "ಎಷ್ಟು ಕೂಗಿದೆ ಗೊತ್ತಾ? ನನ್ನ ಕೂಗು ನನಗೇ ವಾಪಸ್ ಬರ್ತಿರ್ಲಿಲ್ಲ" ಎಂದು ಜೋರಾಗಿ ಅತ್ತಳು.

ಮೂರು ವಾರ ಯಾರೂ ಕೆಳಗೆ ಇಳಿಯಲಿಲ್ಲ. ಎಲ್ಲ ಕಿತ್ತು ಬಿಸಾಡುತ್ತೇನೆಂದು ಅವನು ಹೊರಟಾಗ ತಡೆದವಳು ಅವಳೇ. ಈ ಸಲ ಅವಳೇ ಮೇಸ್ತ್ರಿ. ಪ್ಲಂಬರನ್ನು ಕರೆಸಿ ಪೈಪುಗಳನ್ನೆಲ್ಲ ಗೋಡೆಯ ಹೊರಗೆ ತರಿಸಿದಳು. ಬಾಗಿಲು ಹೊರಕ್ಕೆ ತೆರೆಯಲೆಂದು ಕೆಳಗಿನ ಎರಡು ಮೆಟ್ಟಿಲು ಒಡೆಸಿದಳು. ಬಾಗಿಲಿನಲ್ಲಿ ಮುಖದಗಲದ ಗಾಜು ಇಡಿಸಿದಳು. "ಗಾಜಿಟ್ರೆ ಸದ್ದು ಸೋರತ್ತೆ" ಎಂದು ಅವನು ಗೊಣಗಿದ.

"ಸೋರಲಿ ಬಿಡಿ," ಎಂದಳು.

ಈಗ ಒಂಬತ್ತು ಹಾಡುಗಳಾಗಿವೆ. ಮೊದಲ ಸಲದ್ದೂ ಹಾಗೇ ಉಳಿದಿದೆ, ಹದಿನೇಳು ನಿಮಿಷದವರೆಗೆ ಅವನು ಅದನ್ನೂ ಕೇಳುತ್ತಾನೆ. ಕಿವಿ ಇನ್ನಷ್ಟು ಮಂದವಾಗಿದೆ, ದನಿ ಏರಿಸಿಕೊಳ್ಳಬೇಕು. ಅವಳು ಹಾಡಲು ಒಳಗೆ ಹೋದರೆ ಅವನು ಹಾಲಿನಲ್ಲಿ ಕೂರುವುದಿಲ್ಲ. ಲ್ಯಾಪ್‌ಟಾಪನ್ನು ಮೇಲೆ ಅಕ್ಕನ ಉಸ್ತುವಾರಿಗೆ ಬಿಟ್ಟು, ಗಾಜಿನ ಹೊರಗೆ, ಅವಳಿಗೆ ಕಾಣುವ ಹಾಗೆ, ಸುಮ್ಮನೆ ನಿಂತಿರುತ್ತಾನೆ.