ರೊಟ್ಟಿ ಮುಟ್ಟದ ಎಂಟು ದಿನ

ಸಕ್ಕರೆ ಕಾಯಿಲೆಗೆಂದು ಅನ್ನ, ರೊಟ್ಟಿ ಬಿಟ್ಟ ಮೇಲೆ ಸಕ್ಕರೆಯ ಜೊತೆಗೆ ನಾನೂ ಇಳಿಯತೊಡಗಿದ್ದೆ. ಇನ್ನೊಂದು ಕಿಲೋ ಇಳಿದರೆ ನಿಮ್ಮ ತಿರುಗಾಟ ಬಂದ್ ಎಂದಿದ್ದರು ಡಾಕ್ಟರು. ಅಂಥ ಹೊತ್ತಿನಲ್ಲೇ ತಿಳವಳ್ಳಿಯ ಹಳೆ ಗುಡಿಯ ಅಳತೆ ತೆಗೆಯುವ ಕೆಲಸಕ್ಕೆ ಎಂಟು ದಿನ ಹೋಗಬೇಕಾಯಿತು.

ಖಾನಾವಳಿ ನಡೆಸುವ ನೀಲಕ್ಕ ರೊಟ್ಟಿ ಬುಟ್ಟಿ ಹಿಡಿದು ಬಂದಾಗ, "ರೊಟ್ಟಿ ಬ್ಯಾಡ್ರಿ, ಪಲ್ಯ ಸಾಕು" ಎಂದೆ.

"ರೊಟ್ಟಿ ಇಲ್ದ ಅದೆಂಥಾ ಊಟರಿ ಮೇಡಂ? ಗಾಳಿ ಬಂದ್ರ ಹಾರಿ ಹೋಗೂಹಂಗ ಅದೀರಿ."

"ಶುಗರ್ ಐತ್ರಿ ಅಕ್ಕಾರ."

"ನಮ್ಮ ಮನಿಯವ್ರಿಗೂ ಐತಿ. ಮೂರು ರೊಟ್ಟಿ ತಿಂದು ಒಂದ ತಿಂದೇನಿ ಅಂತಾರ. ನೀವು ಖರೇನ ಬಿಟ್ಟೀರಿ, ಪಾಪ."

ತಟ್ಟೆಗೆ ರೊಟ್ಟಿ ಬೀಳುವವರೆಗೆ ಊಟ ಶುರುವಾಗಿಲ್ಲ ಎಂಬುದು ಆಕೆಯ ನಂಬಿಕೆ. ಹಾಗಾಗಿ ಎಣಗಾಯಿ, ಎಣ್ಣೆ ಹಾಕಿದ ಶೇಂಗಾ ಚಟ್ನಿ, ಬೆಣ್ಣೆ, ಎರಡು ತತ್ತಿ, ಗಟ್ಟಿ ಮೊಸರು ಎಲ್ಲವನ್ನೂ "ಸುಮ್ನ ಕುಂತೀರಲ್ಲ, ಬಾಯಾಡಸ್ರಿ" ಎಂದು ಮತ್ತೆ ಮತ್ತೆ ಬಡಿಸಿದಳು. ಎಂಟೂ ದಿನ ಇದೇ ಕಥೆ.

ವಾಪಸ್ ಬಂದು ಡಾಕ್ಟರ ಹತ್ತಿರ ತೂಕದ ಮಷಿನ್ ಹತ್ತಿದರೆ ಒಂದು ಕಿಲೋ ಹೆಚ್ಚು, ಸಕ್ಕರೆ ಇದ್ದಲ್ಲೇ ಇದೆ. ಅಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದು ಡಾಕ್ಟರು ಕೇಳಿದರು. ಎಂಟೂ ದಿನ ಹೊಟ್ಟೆ ತುಂಬ ಉಂಡೆ ಎಂದೆ. ನೀಲಕ್ಕನನ್ನು ಕೇಳಿದರೆ ಮಾತ್ರ, ಆ ಹೆಣ್ಣುಮಗಳು ನಮ್ಮಲ್ಲಿ ಒಂದು ಹೊತ್ತೂ ಉಣ್ಣಲಿಲ್ಲ ಎಂದೇ ಹೇಳುತ್ತಾಳೆ.