ತಂಬಿಗೆಯೊಳಗಿನ ಬಿಳಿ ಬೀಜ

ರಘಣ್ಣ, ಆ ಎರಡನೆಯ ಬಿಳಿ ಬೀಜ ನನ್ನದು. ಮಲ್ಲೂನದಲ್ಲ. ಅವನು ಕರಿಯದನ್ನೇ ಹಾಕಿದ್ದ, ಹಾಕಿದ್ದೇನೆ ಅಂತ ಹೇಳಿಯೂ ಇದ್ದ. ಸುಳ್ಳು ಹೇಳಿದವಳು ನಾನು.

ನೋಡು, ಬರೆದೇಬಿಟ್ಟೆ. ಇಷ್ಟು ವರ್ಷ ಯಾವ ಮಾತು ಗಂಟಲು ದಾಟಲಿಲ್ಲವೋ ಅದು ಕಾಗದದ ಮೇಲೆ ಎರಡು ಸಾಲೂ ಆಗಲಿಲ್ಲ. ಇನ್ನು ಉಳಿದದ್ದು, ಯಾಕೆ ಹಾಗೆ ಮಾಡಿದೆ ಅನ್ನುವುದು. ಅದು ನನಗೇ ಪೂರ್ತಿ ತಿಳಿದಿಲ್ಲ.

ಆಗ ಹೈದರಾಬಾದು ಇನ್ನೂ ಆಂಧ್ರಕ್ಕೆಲ್ಲ ರಾಜಧಾನಿ, ಮಿಯಾಪುರಕ್ಕೆ ಮೆಟ್ರೋ ಬಂದಿರಲಿಲ್ಲ. ನಮ್ಮ ಅಪ್ಪಂದಿರೆಲ್ಲ ಒಂದೇ ಕಾರ್ಖಾನೆಯವರು. ಕ್ವಾರ್ಟರ್ಸಿನಲ್ಲಿ ನಿನ್ನ ಮನೆಗೂ ಮಲ್ಲೂನ ಮನೆಗೂ ನಡುವೆ ಒಂದೇ ಗೋಡೆ. ನೀವಿಬ್ಬರೂ ಒಂದೇ ಸ್ಕೂಟರಿನ ಮೇಲೆ ಕಾಲೇಜಿಗೆ ಹೋದವರು. ಭಾನುವಾರ ಮಧ್ಯಾಹ್ನ ನಿನ್ನ ಮನೆಯಲ್ಲಿ ಆಟ. ಬೋರ್ಡಿಲ್ಲ, ಕಾಯಿಲ್ಲ. ನೀನು ಕತೆ ನಡೆಸುವವನು, ನಾವು ಮೂವರು ಒಂದೊಂದು ಪಾತ್ರ, ಗೆಲುವು ಸೋಲು ಹೇಳಲಿಕ್ಕೆ ಇಪ್ಪತ್ತು ಮುಖದ ಆ ಒಂದು ದಾಳ. ನಾನು ವೈದ್ಯೆ ಚಂಪಕ್ಕ. ಮಲ್ಲು ಕಳ್ಳ. ತೆಲುಗಿನ ಶೀನು ಕತ್ತಿ ಹಿಡಿದವನು. ನಿಯಮದ ಪುಸ್ತಕವನ್ನು ಸುಲ್ತಾನ್ ಬಜಾರಿನ ಓಣಿಯೊಂದರಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ಮಗುವಿನಂತೆ ಎತ್ತಿಕೊಂಡು ತಂದಿದ್ದೆ ನೀನು. ಅದರ ಆಧಾರದ ಮೇಲೆ ಒಂದು ಇಡೀ ಊರನ್ನು ಕಟ್ಟಿದ್ದೆ: ಕೋಟೆ, ಬಾವಿ, ಚಹಾದಂಗಡಿ, ಅದರ ಜಗಳಗಂಟ ಮಾಲಕ. ಅಲ್ಲಿಯ ಒಂದೊಂದು ಬೀದಿಯೂ ನನಗೆ ಇವತ್ತಿಗೂ ಗೊತ್ತು.

ಆಮೇಲೆ ಆ ನಿಯಮದ ಪುಸ್ತಕದ ಹೊಸ ಆವೃತ್ತಿ ಬಂತು. ಶೀನು ಅದನ್ನು ತರಿಸಿದ. ಬಣ್ಣದ ಹಾಳೆ, ಗಟ್ಟಿ ರಟ್ಟು — ಮತ್ತು ನಿಯಮಗಳೆಲ್ಲ ಬೇರೆ. ನಿನಗೆ ಮೈಯೆಲ್ಲ ಉರಿಯಿತು. ಇದು ಆಟವೇ ಅಲ್ಲ, ವಿಡಿಯೋ ಗೇಮು ಅಂದೆ. ದೇಶಾಂತರದ ಆಟಗಾರರೆಲ್ಲ ಇಂಟರ್‌ನೆಟ್ಟಿನಲ್ಲಿ ಇದೇ ವಿಷಯಕ್ಕೆ ಕಚ್ಚಾಡುತ್ತಿದ್ದರು, ನೀನೂ ಅಲ್ಲಿ ಪುಟಗಟ್ಟಲೆ ಬರೆದೆ. ಶೀನು ಅಲ್ಲೇ ಉತ್ತರ ಬರೆದ. ಇಬ್ಬರೂ ಕೂಕಟ್‌ಪಲ್ಲಿಯ ಅದೇ ನೆಟ್ ಸೆಂಟರಿನಲ್ಲಿ, ಬೆನ್ನಿಗೆ ಬೆನ್ನು ಹಚ್ಚಿ ಕೂತು! ಮಲ್ಲು ನಿನ್ನನ್ನು ಕಾಡಿಸಲಿಕ್ಕೆಂದೇ ವಾರವೆಲ್ಲ ಹೊಸದನ್ನು ಹೊಗಳಿದ. ನಾನು ನಿನ್ನ ಪಕ್ಕ ನಿಂತೆ. ಹಳೆಯದೇ ಚಂದ ರಘಣ್ಣ, ಅಂತ ಎಷ್ಟು ಸಲ ಹೇಳಿದೆನೋ.

ಆದರೆ ಒಂದು ಸಂಜೆ ಶೀನೂನ ಮನೆಯಲ್ಲಿ ಆ ಪುಸ್ತಕ ತಿರುವಿ ಹಾಕಿದ್ದೆ. ವೈದ್ಯರ ಅಧ್ಯಾಯ. ನಮ್ಮ ಹಳೆಯ ಆಟದಲ್ಲಿ ಚಂಪಕ್ಕನದು ಏನು ಕೆಲಸ ಹೇಳು — ನೀವು ಹೊಡೆದಾಡುವುದು, ನಾನು ಪಟ್ಟಿ ಕಟ್ಟುವುದು. ಹೊಸದರಲ್ಲಿ ವೈದ್ಯೆ ತಾನೂ ಹೊಡೆಯಬಹುದು, ಅದೇ ಏಟಿನಲ್ಲಿ ಪಕ್ಕದವನ ಗಾಯವೂ ಮಾಯಬಹುದು. ಓದಿದವಳೇ ಪುಸ್ತಕ ಮುಚ್ಚಿಬಿಟ್ಟೆ. ಮುಚ್ಚಿದರೇನು ಬಂತು, ಓದಿದ್ದು ತಲೆಯಿಂದ ಹೋಗಲಿಲ್ಲ. ಚಂಪಕ್ಕ ಕತ್ತಿ ಎತ್ತಿದರೆ ಹೇಗಿರುತ್ತಾಳೆ? ಒಂದೇ ಒಂದು ಸಲ ನೋಡಬೇಕು. ಅಷ್ಟೇ ಇದ್ದದ್ದು. ದ್ವೇಷವಲ್ಲ, ಸಿಟ್ಟಲ್ಲ, ಬರೀ ಕುತೂಹಲ. ಕುತೂಹಲಕ್ಕೆ ಇಷ್ಟು ಹಲ್ಲಿರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಜಗಳ ಕೇಳಿ ಕೇಳಿ ಸಾಕಾಗಿ ನಿಮ್ಮ ಅವ್ವ ಚೌಕಾಬಾರದ ಡಬ್ಬಿ ತಂದಿಟ್ಟರು. ಅವರಿಗೆ ಇದೇನು ಹೊಸದೇ? ಚೌಕಾಬಾರಕ್ಕೆ ತವರುಮನೆಯಲ್ಲಿ ಒಂದು ಕಟ್ಟಳೆ, ಗಂಡನ ಮನೆಯಲ್ಲಿ ಇನ್ನೊಂದು. ಮದುವೆಯಾದಾಗಿನಿಂದ ಅತ್ತೆಯ ಕಟ್ಟಳೆಯಲ್ಲೇ ಆಡುತ್ತಿದ್ದೇನೆ, ಇನ್ನೂ ಮನಸ್ಸಿಗೆ ಬಂದಿಲ್ಲ, ಆದರೆ ಆಟ ಬಿಟ್ಟು ಎದ್ದಿಲ್ಲ ಅಂದರು. ಡಬ್ಬಿಯಿಂದ ನಮ್ಮ ಮೂವರ ಕೈಗೂ ಎರಡೆರಡು ಹುಣಸೆ ಬೀಜ: ಒಂದು ಇಡಿಯದು, ಕರಿ. ಒಂದು ಕಲ್ಲಿಗೆ ತಿಕ್ಕಿ ಮಗ್ಗುಲು ಬಿಳಿ ಮಾಡಿದ್ದು. ಹಳೆಯದು ಬೇಕೆಂದವರು ಕರಿ, ಹೊಸದು ಬೇಕೆಂದವರು ಬಿಳಿ. ಬಟ್ಟೆ ಮುಚ್ಚಿದ ತಂಬಿಗೆಯೊಳಗೆ ಮುಷ್ಟಿ ಇಳಿಸಿ ಒಂದನ್ನು ಬಿಡಬೇಕು, ಉಳಿದದ್ದು ಯಾರಿಗೂ ಕಾಣದಂತೆ ವಾಪಸು ಡಬ್ಬಿಗೆ. ನೀನು ಬೀಜ ಮುಟ್ಟಲಿಲ್ಲ, ನೀವು ಹೇಳಿದಂತೆ ನಡೆಸುತ್ತೇನೆ ಅಂದೆ.

ತಿಕ್ಕಿದ ಬೀಜ ಒಂದು ಕಡೆ ಚಪ್ಪಟೆ ಇರುತ್ತದೆ, ರಘಣ್ಣ. ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ. ನನ್ನ ಬೆರಳಿಗೂ ತಿಳಿದಿತ್ತು.

ತಂಬಿಗೆ ಬೋರಲು ಹಾಕಿದಾಗ ಎರಡು ಬಿಳಿ, ಒಂದು ಕರಿ. ನೀನು ಮಲ್ಲೂನ ಮುಖ ನೋಡಿದೆ. ಅವನು ನಗುತ್ತಲೇ, ನಾನು ಕರಿಯದು ಹಾಕಿದ್ದಲೇ, ವಾರವೆಲ್ಲ ಆಡಿದ್ದು ಚ್ಯಾಷ್ಟಿ ಅಂದ. ಆಗ ನೀನು ನನ್ನ ಕಡೆ ತಿರುಗಿದೆ.

"ವಿದ್ಯಾ, ಖರೇ ಹೇಳು. ನಿಂದು ಯಾವುದು?"

"ನಂದು ಕರೀದು, ರಘಣ್ಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿದ್ದದ್ದು ಒಂದೇ ಕರಿ ಬೀಜ. ಅದು ಯಾರದೆಂದು ಮಲ್ಲೂಗೆ ಗೊತ್ತಿತ್ತು, ಹಾಗಾಗಿ ನಾನು ಏನು ಮಾಡಿದೆ ಅನ್ನುವುದೂ ಆ ಕ್ಷಣವೇ ಗೊತ್ತಾಯಿತು. ಅವನು ನನ್ನನ್ನು ನೋಡಿದ. ಅವನ ನಗು ನಿಂತಿತ್ತು. ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಅಂತ ಕಾದೆ — ಅವನು ಚಪ್ಪಲಿ ಮೆಟ್ಟಿ ಹೋದ.

ಸೋತದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಅವನ ಜೊತೆ ಮಾತು ಬಿಟ್ಟೆ ಅಂತ ನೀನು ಎಲ್ಲರಿಗೂ ಹೇಳಿದೆ. ಸ್ಕೂಟರಿನ ಹಿಂದಿನ ಸೀಟು ಖಾಲಿಯಾಯಿತು. ನಿನ್ನ ಮದುವೆಗೆ ಅವನಿಗೆ ಕರೆ ಹೋಗಲಿಲ್ಲ. ನಾನು ಮಾತ್ರ ಮುಂದಿನ ಸಾಲಿನಲ್ಲಿ ಕೂತು ಹೋಳಿಗೆ ಉಂಡೆ. ಭಾನುವಾರದ ಆಟವೇ ನಿಂತುಹೋಯಿತು, ಇಷ್ಟೆಲ್ಲ ಮಾಡಿ ಹೊಸ ಆವೃತ್ತಿಯನ್ನು ನಾವು ಒಂದು ದಿನವೂ ಆಡಲಿಲ್ಲ. ಚಂಪಕ್ಕನ ಕೈಗೆ ಕತ್ತಿ ಬರಲೇ ಇಲ್ಲ. ಆಮೇಲೆ ಅದಕ್ಕೂ ಹೊಸದೊಂದು ಬಂತು, ಹಳೆಯ ನಿಯಮಗಳು ಎಷ್ಟೋ ಅದರಲ್ಲಿ ತಿರುಗಿ ಬಂದವಂತೆ. ಪುಸ್ತಕ ಮಾಡುವವರಿಗೆ ತಿದ್ದಿಕೊಳ್ಳುವುದು ಎಷ್ಟು ಸಲೀಸು ನೋಡು.

ಮೊನ್ನೆ ನೀನು ಫೋನು ಮಾಡಿದೆ. ಮಗನ ಕೈಗೆ ಆ ಸ್ಪೈರಲ್ ಪುಸ್ತಕ ಸಿಕ್ಕಿದೆ, ಭಾನುವಾರದಿಂದ ಮಿಯಾಪುರದ ಫ್ಲ್ಯಾಟಿನಲ್ಲಿ ಆಟ ಮತ್ತೆ ಶುರು ಅಂದೆ. ಎಷ್ಟು ಖುಷಿಯಾಗಿತ್ತು ನಿನ್ನ ದನಿಯಲ್ಲಿ! ಆಮೇಲೆ ಅಂದೆ: "ಮಲ್ಲೂಗ ಮಾತ್ರ ಹೇಳಬ್ಯಾಡ. ಸುಳ್ಳ ಹೇಳೋರ ಜೋಡಿ ನನ್ನ ಮಗ ಆಡೋದು ಬ್ಯಾಡ."

ನಾನು ಹೂಂ ಅಂದೆ. ಆಗಲೂ ಹೂಂ ಅಂದೆ ನೋಡು.

ಮರುದಿನ ಮಲ್ಲೂಗೆ ಫೋನು ಮಾಡಿದೆ. ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ಈಗಲೂ ನನ್ನದು ಅದೇ ಹಾಳು ಕುತೂಹಲವೇ ಇರಬೇಕು — ಮೊದಲು ತಪ್ಪಾಯಿತು ಅನ್ನುವುದು ಬಿಟ್ಟು ಯಾಕೆ ಅಂತ ಕೇಳಿದೆ.

"ನೀ ಯಾವಾಗ ಹೇಳ್ತಿ ನೋಡೂಣಂತ ಕಾಯಾಕತ್ತಿದ್ದೆ, ವಿದ್ಯಾ," ಅಂದ. "ಆಮ್ಯಾಲ ಕಾಯೋದು ಮರ್ತೆ."

ಅದನ್ನು ಕೇಳಿದ ಮೇಲೆ ಈ ಕಾಗದ ತೆಗೆದುಕೊಂಡು ಕೂತೆ. ಕ್ಷಮಿಸು ಅಂತ ನಿನ್ನನ್ನು ಕೇಳುವುದಿಲ್ಲ. ನೀನು ಹಾಕಿದ ಕಟ್ಟಳೆ ಸರಿಯಾಗಿಯೇ ಇದೆ, ಹೆಸರು ಮಾತ್ರ ತಪ್ಪು. ಸುಳ್ಳು ಹೇಳಿದವರ ಜೊತೆ ನಿನ್ನ ಮಗ ಆಡಬಾರದು, ಹಾಗಾಗಿ ಭಾನುವಾರ ನಾನು ಬರುವುದಿಲ್ಲ. ಒಂದು ಜಾಗ ಖಾಲಿ ಇರುತ್ತದೆ. ಮಲ್ಲು ಬರುತ್ತಾನೋ ಇಲ್ಲವೋ, ನಾನು ಕೇಳಿಲ್ಲ. ಅದನ್ನು ಕೇಳಬೇಕಾದವನು ನೀನು. ಅವನ ಫೋನ್ ನಂಬರು ಬದಲಾಗಿಲ್ಲ, ರಘಣ್ಣ. ಹಳೆಯದೇ ಇದೆ.