ಅವನ ಗಿಟಾರು, ನನ್ನ ಬೆರಳು

ನಮ್ಮ ಬ್ಯಾಂಡಿನ ಗಿಟಾರಿಸ್ಟ್ ಮೂವತ್ತು ತುಂಬುವ ಮೊದಲೇ ಹೋಗಿಬಿಟ್ಟ. ಹೃದಯ ಕೈಕೊಟ್ಟಿತು ಎಂದರು. ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ರಿಹರ್ಸಲ್‌ಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದವನಿಗೆ ಈ ಒಂದು ವಿಷಯದಲ್ಲಿ ಅಷ್ಟೇನು ಅವಸರವಿತ್ತೋ.

ರಾಕ್ ಬ್ಯಾಂಡ್ ಕಟ್ಟುತ್ತೇವೆ ಎಂದಾಗ ತುಮಕೂರಿನಲ್ಲಿ ಯಾರೂ ನಮಗೆ ರೂಮು ಬಾಡಿಗೆಗೆ ಕೊಡಲಿಲ್ಲ. ಕೊನೆಗೆ ಹಿರೇಹಳ್ಳಿಯಲ್ಲಿ ಒಂದು ಶೀಟಿನ ಶೆಡ್ಡು ಸಿಕ್ಕಿತು. ಪಕ್ಕದಲ್ಲೇ ಕಬ್ಬಿಣ ಕತ್ತರಿಸುವ ವರ್ಕ್‌ಶಾಪ್ ಇದ್ದುದರಿಂದ ನಮ್ಮ ಗಲಾಟೆಯ ಬಗ್ಗೆ ದೂರು ಹೇಳುವ ಮುಖ ಅವರಿಗಿರಲಿಲ್ಲ. ಅವನು ವಸಂತನರಸಾಪುರದಲ್ಲಿ ಶಿಫ್ಟ್ ಮುಗಿಸಿ ಫ್ಯಾಕ್ಟರಿಯ ಯೂನಿಫಾರಂನಲ್ಲೇ ಬಂದು, ಬೆನ್ನಿನಿಂದ ಗಿಟಾರ್ ಇಳಿಸಿ, ಶ್ರುತಿ ಮಾಡಲು ಕೂರುತ್ತಿದ್ದ. ಅದು ಮುಗಿಯುವ ಕೆಲಸವೇ ಅಲ್ಲ.

"ಮದ್ವೆ ಹೆಣ್ಣೂ ಇಷ್ಟೊತ್ತು ತಗಳಲ್ಲ ಕಣೋ" ಎಂದು ಡ್ರಮ್ಮರ್ ಬೈಯುತ್ತಿದ್ದ. ಆದರೆ ಇವನು ಗಿಟಾರ್ ನುಡಿಸಲು ಶುರು ಮಾಡಿದನೆಂದರೆ ವರ್ಕ್‌ಶಾಪಿನವರು ಮಿಷನ್ ನಿಲ್ಲಿಸಿ ನಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

ಕುಣಿಗಲ್‌ನಲ್ಲಿ ಒಮ್ಮೆ ಗಣೇಶನ ಪ್ರೋಗ್ರಾಂ. ಯಾವ ಹಾಡು ಶುರು ಮಾಡಿದರೂ ಸ್ಪೀಕರಿನಲ್ಲಿ ಟಕ್ ಟಕ್ ಎಂಬ ಸದ್ದು. ಸೌಂಡಿನವನು ವೈರನ್ನೆಲ್ಲ ಬಿಚ್ಚಿ ಜೋಡಿಸಿದ, ಜನರೇಟರಿನವನ ಜೊತೆ ಜಗಳಕ್ಕೂ ನಿಂತ. ಆಮೇಲೆ ನೋಡಿದರೆ ಇವನ ಕೊರಳಿನ ಬೆಳ್ಳಿ ಕರಡಿಗೆ! ಇಷ್ಟಲಿಂಗವಿಟ್ಟ ಆ ಪುಟ್ಟ ಡಬ್ಬಿ, ಇವನು ಕುಣಿದಾಗಲೆಲ್ಲ ಗಿಟಾರಿಗೆ ಬಡಿಯುತ್ತಿತ್ತು.

"ಅಣ್ಣ, ಅದುನ್ನ ಸ್ವಲ್ಪ ತೆಗ್ದಿಡಿ" ಎಂದ ಸೌಂಡಿನವನು.

"ಲಿಂಗ ತೆಗ್ಯಂಗಿಲ್ಲ. ಬೇಕಾದ್ರೆ ಗಿಟಾರ್ ತೆಗ್ದಿಡ್ತೀನಿ."

ಸೌಂಡಿನವನು ಹಾಗೇ ಹಾಡು ಶುರು ಮಾಡಿಸಿದ. ಮುಂದಿನ ಸಾಲಿನ ಹುಡುಗರು ಅದೂ ಮ್ಯೂಸಿಕ್ಕೇ ಇರಬೇಕೆಂದು ಟಕ್ ಟಕ್‌ಗೆ ಸರಿಯಾಗಿ ಚಪ್ಪಾಳೆ ಹೊಡೆದರು. ಅವನು ಹೋದಾಗ ಅದೇ ಹುಡುಗರು ಅತ್ತುಕೊಂಡು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದರು. ಅಕ್ಷರಕ್ಕೆ ಜಾಗ ಸಾಲದೆ ಪ್ರಿಂಟಿನವನು ಫೋಟೋವನ್ನು ಎಡಬಲ ತಿರುಗಿಸಿ, ಬಲಗೈಯಲ್ಲಿ ನುಡಿಸುತ್ತಿದ್ದವನನ್ನು ಎಡಚನನ್ನಾಗಿ ಮಾಡಿಟ್ಟಿದ್ದ.

ಅವನು ದಿನಾ ಗುಬ್ಬಿಯ ಮನೆಯಿಂದಲೇ ಓಡಾಡುತ್ತಿದ್ದ. ಅವನ ತಾಯಿ ಮಾತ್ರ ನಮ್ಮ ಒಂದು ಪ್ರೋಗ್ರಾಮಿಗೂ ಬಂದವರಲ್ಲ. "ಆ ಸ್ಪೀಕರ್ ಮುಂದೆ ಕೂತ್ರೆ ಎದೆ ಹೊಡ್ಕಳ್ತದೆ ಕಣಪ್ಪ" ಎನ್ನುತ್ತಿದ್ದರು. "ಸಣ್ಣ ಸ್ಪೀಕರ್ ತಂದು ನಿಂಗೊಬ್ಳಿಗೇ ನುಡಿಸ್ತೀನಿ ಬುಡು" ಎಂದು ಇವನು ಹೇಳುತ್ತಲೇ ಇದ್ದ. ಹೇಳುತ್ತಲೇ ಹೋಗಿಬಿಟ್ಟ.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ಆಕೆ ನನಗೆ ಫೋನ್ ಮಾಡಿದರು. "ಅವ್ನೇ ಕಟ್ಟಿದ್ದ ಆ ಟ್ಯೂನು ಐತಲ್ಲ, ಸ್ವಾಮಿಗಳ ಪಾದಪೂಜೆ ಆದ್ಮೇಲೆ ಅವ್ನ ಗಿಟಾರಲ್ಲೇ ನುಡ್ಸಪ್ಪ. ಒಂದ್ಸಲ ಕೇಳ್ಬೇಕು ಅನ್ನುಸ್ತದೆ."

ನಾನು ಎರಡನೇ ಗಿಟಾರು. ಅವನು ಮುಂದೆ ನಿಂತು ಮೆರೆಯುವಾಗ ಹಿಂದಿನಿಂದ ಜುಂಯ್ ಜುಂಯ್ ಎನ್ನುವವನು. ಆ ಟ್ಯೂನಿನ ನಡುವೆ ಬೆರಳು ಓಡಲೇಬೇಕಾದ ಒಂದು ಜಾಗವಿದೆ. ನನ್ನ ಬೆರಳು ಅಲ್ಲಿ ಓಡುವುದಿರಲಿ, ನಡೆಯುವುದೂ ಇಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ಪ್ರಾಕ್ಟೀಸ್ ಮಾಡಿ ಮಾಡಿ ಬೆರಳ ತುದಿ ಸುಲಿಯಿತು, ಆ ಜಾಗ ಮಾತ್ರ ದಕ್ಕಲಿಲ್ಲ.

ಆ ದಿನ ಗುಬ್ಬಿಯ ಮನೆಯ ಮುಂದೆ ಶಾಮಿಯಾನ. ಪಾದಪೂಜೆ ಮುಗಿದು ಮಠದ ಸ್ವಾಮಿಗಳು ಕಣ್ಣು ಮುಚ್ಚಿ ಕುಳಿತಿದ್ದರು. ನೆಂಟರ ಕಣ್ಣೆಲ್ಲ ಹೋಳಿಗೆ ಬುಟ್ಟಿಯ ಮೇಲಿತ್ತು. ಶುರು ಮಾಡಿದೆ. ಆ ಜಾಗಕ್ಕೆ ಬಂದೆ, ಎಡವಿದೆ. ಮತ್ತೆ ಮೊದಲಿನಿಂದ ಬಂದೆ, ಅಲ್ಲೇ ಎಡವಿದೆ. ಮೂರನೇ ಸಲವೂ ಎಡವಿದಾಗ ನನಗೇ ತಿಳಿಯದಂತೆ "ಥೂ!" ಎಂದುಬಿಟ್ಟೆ. ಮೈಕು ಆನ್ ಇತ್ತು.

ಸ್ವಾಮಿಗಳು ಕಣ್ಣು ತೆರೆದರು. ಡ್ರಮ್ಮರ್ ನನ್ನ ಪರಿಚಯವೇ ಇಲ್ಲದವನಂತೆ ಆಚೆ ನೋಡಿದ. "ಎಲೆ ಹಾಕ್ಸ್ರಪ್ಪ, ಹೊತ್ತಾಯ್ತು" ಎಂದು ಯಾರೋ ಹಿರಿಯರು ಗೊಣಗಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಗ ಒಳಗಿನಿಂದ ಅವನ ತಾಯಿ ಓಡುತ್ತಾ ಬಂದರು. ಕೈಯಲ್ಲಿ ಸೌಟು. ಹೊಡೆಯುತ್ತಾರೇನೋ ಅಂದುಕೊಂಡೆ. ನೋಡಿದರೆ ಮುಖದ ತುಂಬ ನಗು.

"ಇದೇ ಕಣಪ್ಪ! ನಮ್ಮುಡ್ಗನ್ ಟ್ಯೂನು ಇದೇ! ಕೊಬ್ರಿ ಅಟ್ಟದ ಮೇಲೆ ಕೂತ್ಕಂಡು ದಿನಾ ಈ ಜಾಗುಕ್ ಬಂದು ನಿಂತ್ಕಂಬುಡೋನು. ಥೂ ಅನ್ನೋನು, ಮತ್ತೆ ಮೊದ್ಲಿಂದ ಶುರು ಮಾಡೋನು. ಇದ್ರ ಮುಂದುಕ್ಕೆ ಏನೈತೆ ಅಂತ ನಂಗೆ ಗೊತ್ತೇ ಇಲ್ಲ."

ನಮ್ಮೆದುರು ಅವನು ಆ ಜಾಗದಲ್ಲಿ ತಪ್ಪಿದ್ದೇ ಇಲ್ಲ. ಹುಟ್ಟುವಾಗಲೇ ಕಲಿತು ಬಂದವನೆಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ಕಳ್ಳ, ತಪ್ಪನ್ನೆಲ್ಲ ತಾಯಿಗೆ ಕೇಳಿಸಿ, ಸರಿಯಾದದ್ದನ್ನು ಮಾತ್ರ ನಮಗೆ ತರುತ್ತಿದ್ದ.

ಆಕೆ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತರು. "ಇನ್ನೊಂದ್ಸಲ ಹಂಗೇ ತಪ್ಪಪ್ಪ" ಎಂದರು.

ಮತ್ತೆ ಮೊದಲಿನಿಂದ ನುಡಿಸಿದೆ. ಬೇಕೆಂದು ತಪ್ಪುವ ಕಷ್ಟವೇನೂ ಬರಲಿಲ್ಲ, ಕಣ್ಣು ತುಂಬಿ ತಂತಿಯೇ ಕಾಣುತ್ತಿರಲಿಲ್ಲ. ಅದೇ ಜಾಗದಲ್ಲಿ ನಿಂತುಹೋದೆ. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಅವನ ಹಾಗೆಯೇ "ಥೂ" ಎಂದರು.